ಮಿಣುಕುವ ಡ್ಯಾಶ್‌ಬೋರ್ಡ್‌ಗೆ ಸಾದಾ ಮಲ್ಟಿಮೀಟರ್ ಸಾಕು

ಕಾರಿನ ಡ್ಯಾಶ್‌ಬೋರ್ಡ್ ದೀಪಗಳು ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಮಿಣಮಿಣ ಅನ್ನುತ್ತಿದ್ದವು. ಬ್ಯಾಟರಿ ಬದಲಿಸಿ ಅಂತ ಎಲ್ಲರದೂ ಒಂದೇ ರಾಗ. ಸುಮ್ನೆ ಯಾಕೆ ಖರ್ಚು ಅಂತ ವೋಲ್ಟೇಜ್ ಅಳೆಯುವ ಈ ಡಿಜಿಟಲ್ ಮಲ್ಟಿಮೀಟರ್ ಕೊಂಡೆ. ಬ್ಯಾಟರಿ ಮೇಲೆ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್, ಓಡುವಾಗ 14.2; ಎರಡೂ ಸರಿಯಾಗೇ ಇವೆ. ಅಲ್ಲಿಗೆ ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲಿನ ಅನುಮಾನ ಬಹುಪಾಲು ಹೋಯಿತು. ಆಮೇಲೆ ಹೆಡ್‌ಲೈಟ್ ಹಾಕಿ, ಬ್ಯಾಟರಿಯ ನೆಗೆಟಿವ್ ತುದಿಗೂ ಕಾರಿನ ಬಾಡಿಗೂ ನಡುವೆ ಅಳೆದೆ. 0.2 ವೋಲ್ಟ್‌ನೊಳಗೆ ಇರಬೇಕಾದ್ದು 0.9ರ ಹತ್ತಿರ ಕುಣಿಯುತ್ತಿತ್ತು! ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಾಡಿಗೆ ಸೇರಿಸುವ ಅರ್ತ್ ವೈರಿನ ಬೋಲ್ಟ್ ಕೆಳಗೆಲ್ಲ ತುಕ್ಕು. ಬ್ಯಾಟರಿ ಕಳಚಿ, ತುಕ್ಕು ಉಜ್ಜಿ, ಬೋಲ್ಟ್ ಬಿಗಿ ಮಾಡಿದೆ. ದೀಪಗಳು ಈಗ ಅಲ್ಲಾಡುವುದಿಲ್ಲ.

ಮೀಟರ್‌ನ ವೈರ್ ಮಾತ್ರ ಗಿಡ್ಡ. ಬ್ಯಾಕ್‌ಲೈಟೂ ಇಲ್ಲ. ಬಾನೆಟ್ ಕೆಳಗೆ ಕೆಲಸ ಮಾಡುವವರಿಗೆ ಅದೇ ಮೊದಲು ಬೇಕು, ಅಲ್ವಾ? ಕ್ಲಿಪ್ ಇರುವ ಪ್ರೋಬ್ (ಅಳೆಯಲು ತಾಗಿಸುವ ತುದಿ) ಬೇರೆಯಾಗಿ ತೆಗೆದುಕೊಳ್ಳಿ.