ಲೊಂಬೊಕ್: ರುಚಿ ಇದೆ, ಆದ್ರೆ @ಡೇಟಾ ಹಾಕೋ ಮುಂಚೆ ಒಂದ್ಸಲ ಯೋಚ್ನೆ ಮಾಡಿ

ಜಾವಾ ಭಾಷೇಲಿ ಪ್ರೋಗ್ರಾಂ ಬರೆಯೋರಿಗೆ ಈ ಕಷ್ಟ ಗೊತ್ತಿರತ್ತೆ. ಕ್ಲಾಸಲ್ಲಿ 12 ಫೀಲ್ಡ್ (ಮಾಹಿತಿ ಇಡೋ ಜಾಗ) ಇದ್ರೆ ಓದೋಕೆ 12 ಗೆಟ್ಟರ್, ಬದಲಾಯಿಸೋಕೆ 12 ಸೆಟ್ಟರ್, ಆಮೇಲೆ ಎರಡು ಒಂದೇನಾ ಅಂತ ನೋಡೋ ಈಕ್ವಲ್ಸು, ಅದರ ಜೊತೆಗಾರ ಹ್ಯಾಶ್‌ಕೋಡು, ಅಕ್ಷರದಲ್ಲಿ ತೋರ್ಸೋ ಟುಸ್ಟ್ರಿಂಗು, ಬರೀ ಅದೇ ಪುರಾಣ. ಐಡಿಇ (ಕೋಡ್ ಬರೆಯೋ ಸಾಫ್ಟ್‌ವೇರ್) ಬರ್ಕೊಡತ್ತಲ್ಲ ಅಂತೀರಾ, ಬರ್ಕೊಡತ್ತೆ, ಆದ್ರೆ ಆರು ತಿಂಗ್ಳಾದ್ಮೇಲೆ ಯಾರೋ 13ನೇ ಫೀಲ್ಡ್ ಸೇರಿಸ್ತಾರೆ, ಈಕ್ವಲ್ಸ್ ಮುಟ್ಟೋದು ಮರೀತಾರೆ. ಆ ಯಾರೋ ನಾನೇ. ವಿಳಾಸದ ಕ್ಲಾಸಿಗೆ ಪಿನ್‌ಕೋಡ್ ಸೇರಿಸಿ ಸುಮ್ನಾಗಿದ್ದೆ, ಪಿನ್‌ಕೋಡ್ ಮಾತ್ರ ಬೇರೆ ಇದ್ದ ಎರಡು ವಿಳಾಸನ ಹ್ಯಾಶ್‌ಸೆಟ್ಟು (ಒಂದೇ ಥರದ್ದನ್ನ ಎರಡು ಸಲ ಇಟ್ಕೊಳ್ಳದ ಗುಂಪು) ಒಂದೇ ಅಂದ್ಕೊಂಡು ಒಂದನ್ನ ನುಂಗಿ ಹಾಕ್ತು. ಅವತ್ತೇ ಲೊಂಬೊಕ್ ಹಾಕ್ಕೊಂಡೆ, ಈ ಪುರಾಣನೆಲ್ಲ ನಮ್ಮ ಬದಲು ಬರ್ಕೊಡೋ ಜಾವಾ ಲೈಬ್ರರಿ ಅದು.

ಹೆಸರಿನ ಕಥೆ ಚೆನ್ನಾಗಿದೆ. ಲೊಂಬೊಕ್ ಇಂಡೋನೇಷ್ಯಾದಲ್ಲಿ ಜಾವಾ ದ್ವೀಪದ ಕಡೆಯ ಇನ್ನೊಂದು ದ್ವೀಪ, ಮಧ್ಯೆ ಬಾಲಿ. ಜಾವಾನೀಸ್ ಭಾಷೇಲಿ ಲೊಂಬೊಕ್ ಅಂದ್ರೆ ಮೆಣಸಿನಕಾಯಿ. ಸಪ್ಪೆ ಜಾವಾಗೆ ಒಗ್ಗರಣೆ ಅಂತ ಇಟ್ಕೊಳಿ.

ಕೆಲ್ಸ ಹೇಗ್ ಮಾಡತ್ತೆ ಅಂದ್ರೆ, ರೂಬಿ ಪೈಥಾನ್ ಥರ ಪ್ರೋಗ್ರಾಂ ಓಡ್ತಿರುವಾಗ ಮೆಥಡ್ ಹುಟ್ಸಲ್ಲ. ಕಂಪೈಲ್ ಟೈಮಲ್ಲೇ (ಕೋಡನ್ನ ಓಡೋ ರೂಪಕ್ಕೆ ತರುವಾಗ್ಲೇ) ಆನೊಟೇಷನ್ ಪ್ರೊಸೆಸರ್, ಅಂದ್ರೆ @ ಹಾಕಿ ಬರೆದ ಗುರುತು ಓದೋ ಪ್ರೋಗ್ರಾಂ, ಅಂತ ಒಳಗ್ ಹೋಗಿ, ಕಂಪೈಲರ್ ಕಟ್ಟಿರೋ ಕೋಡಿನ ಟ್ರೀಗೇ ಕೈ ಹಾಕಿ ಮೆಥಡ್ ಸೇರ್ಸತ್ತೆ. ಸೋರ್ಸಲ್ಲಿ ಕಾಣಲ್ಲ, ಕ್ಲಾಸ್ ಫೈಲಲ್ಲಿ ಇರತ್ತೆ, ರನ್‌ಟೈಮಲ್ಲಿ ಲೊಂಬೊಕ್ ಜಾರ್ ಫೈಲ್ ಕೂಡ ಬೇಕಾಗಲ್ಲ. ಫೀಲ್ಡ್ ಸೇರಿಸಿದ್ರೆ ಈಕ್ವಲ್ಸು ತಾನಾಗೇ ಬದಲಾಗತ್ತೆ. ನನಗೆ ಬೇಕಿದ್ದಿದ್ದೂ ಇಷ್ಟೇ.

ಈಗ ಖಾರದ ವಿಷ್ಯ. @ಡೇಟಾ ಅಂತ ಒಂದು ಪದ ಬರೆದ್ರೆ ಗೆಟ್ಟರ್, ಸೆಟ್ಟರ್, ಈಕ್ವಲ್ಸ್, ಹ್ಯಾಶ್‌ಕೋಡ್, ಟುಸ್ಟ್ರಿಂಗ್, ಕನ್ಸ್ಟ್ರಕ್ಟರ್ ಎಲ್ಲಾ ಬರತ್ತೆ. ನಾವು ಆಸೆಬಿದ್ದು ಜೆಪಿಎ ಎಂಟಿಟಿಗಳ (ಡೇಟಾಬೇಸ್ ಟೇಬಲ್‌ಗೆ ಹೊಂದೋ ಕ್ಲಾಸುಗಳ) ಮೇಲೂ ಅದನ್ನೇ ಅಂಟಿಸಿದ್ವಿ. ಆರ್ಡರ್ ಒಳಗೆ ಐಟಂಗಳ ಲಿಸ್ಟು, ಪ್ರತಿ ಐಟಂ ಒಳಗೆ ವಾಪಸ್ ಆರ್ಡರು. ಒಬ್ರು ಡಿಬಗ್ ಮಾಡೋಕೆ ಆರ್ಡರ್‌ನ ಲಾಗ್‌ಗೆ ಹಾಕಿದ್ರು ನೋಡಿ, ಆರ್ಡರ್ ಟುಸ್ಟ್ರಿಂಗು ಐಟಂನ ಕರೆಯೋದು, ಐಟಂ ಆರ್ಡರ್‌ನ ಕರೆಯೋದು, ಕೊನೆಗೆ ಕರೆ ಮುಗೀದೇ ಜಾಗ ತುಂಬಿ ಸ್ಟಾಕ್‌ಓವರ್‌ಫ್ಲೋ ಎರರ್. ರಾತ್ರಿ 11 ಗಂಟೇಲಿ ಆ ಎರರ್ ಟ್ರೇಸ್ ನೋಡ್ತಾ ಕೂತಿದ್ವಿ, ಅದ್ರಲ್ಲಿರೋ ಟುಸ್ಟ್ರಿಂಗ್ ಮೆಥಡ್ಡು ಸೋರ್ಸ್ ಫೈಲಲ್ಲಿ ಹುಡುಕಿದ್ರೆ ಎಲ್ಲೂ ಇಲ್ಲ! ತಪ್ಪು ಲೊಂಬೊಕ್‌ದಲ್ಲ, ನಮ್ದೇ, @ಟುಸ್ಟ್ರಿಂಗ್.ಎಕ್ಸ್‌ಕ್ಲೂಡ್ ಅಂತ ಒಂದು ಲೈನ್ ಹಾಕಿದ್ರೆ ಮುಗೀತಿತ್ತು. ಈಗ ಎಂಟಿಟಿಗೆ ಬರೀ @ಗೆಟ್ಟರ್ ಹಾಕ್ತೀನಿ, ಈಕ್ವಲ್ಸ್ ಕೈಯಾರೆ ಐಡಿ ನೋಡ್ಕೊಂಡು ಬರೀತೀನಿ.

ಒಂದೊಂದೇ ಫೀಲ್ಡ್ ತುಂಬಿ ಆಬ್ಜೆಕ್ಟ್ ಕಟ್ಟೋಕೆ ಬಿಡೋ @ಬಿಲ್ಡರ್ ನಂಗೆ ತುಂಬಾ ಇಷ್ಟ, ಆದ್ರೆ ಕ್ಲಾಸಲ್ಲಿ ಫೀಲ್ಡಿಗೆ ಮೊದಲೇ ಖಾಲಿ ಲಿಸ್ಟ್ ಕೊಟ್ಟಿದ್ರೂ ಬಿಲ್ಡರ್ ಅದನ್ನ ಲೆಕ್ಕಕ್ಕೇ ತಗೊಳಲ್ಲ, @ಬಿಲ್ಡರ್.ಡಿಫಾಲ್ಟ್ ಹಾಕ್ದೇ ಹೋದ್ರೆ ನಲ್, ಅಂದ್ರೆ ಒಳಗೆ ಏನೂ ಇಲ್ಲ. ಕಂಪೈಲರ್ ವಾರ್ನಿಂಗ್ ಕೊಡತ್ತೆ, ವಾರ್ನಿಂಗ್ ಯಾರ್ ಓದ್ತಾರೆ.

ಇನ್ನೊಂದು, ಕಂಪೈಲರ್ ಹೊಟ್ಟೆಯೊಳಗೆ ಕೈ ಹಾಕೋದ್ರಿಂದ ಜೆಡಿಕೆ (ಜಾವಾ ಕೋಡ್ ಬರೆಯೋಕೆ ಬೇಕಾದ ಕಿಟ್) ಬದಲಾದಾಗೆಲ್ಲ ಎದೆ ಢವಢವ. 2021ರಲ್ಲಿ ಜಾವಾ 16 ಬಂದಾಗ ಒಳಗಿನ ಬಾಗಿಲುಗಳಿಗೆ ಬೀಗ ಬಿತ್ತು, ಹಳೇ ಲೊಂಬೊಕ್ ಇದ್ರೆ ಬಿಲ್ಡೇ ಆಗ್ತಿರ್ಲಿಲ್ಲ, 1.18.20ಕ್ಕೆ ಹೋಗಬೇಕಾಯ್ತು. ಜಾವಾ 23ರಿಂದ ಆನೊಟೇಷನ್ ಪ್ರೊಸೆಸಿಂಗ್‌ನ ನಾವೇ ಬಿಲ್ಡ್ ಫೈಲಲ್ಲಿ ಆನ್ ಮಾಡ್ಬೇಕು, ಇಲ್ಲಾಂದ್ರೆ ಗೆಟ್ಟರ್ ಸಿಗ್ತಿಲ್ಲ ಅಂತ ಪರದೆ ತುಂಬಾ ಎರರ್.

ಅದೇ ಜಾವಾ 16ರಲ್ಲಿ ರೆಕಾರ್ಡ್ ಕೂಡ ಪಕ್ಕಾ ಆಯ್ತು, ಈಕ್ವಲ್ಸು ಟುಸ್ಟ್ರಿಂಗು ತಾವಾಗೇ ಬರೋ ಜಾವಾದ್ದೇ ಕ್ಲಾಸ್ ಅದು. ಬರೀ ಡೇಟಾ ಸಾಗಿಸೋ, ಆಮೇಲೆ ಬದಲಾಗದ ಕ್ಲಾಸಿಗೆ ಅದೇ ಸಾಕು, ಹೊಸ ಪ್ರಾಜೆಕ್ಟಲ್ಲಿ ನಾನು ಅದನ್ನೇ ಬಳಸೋದು. ಎಂಟಿಟಿ, ಬಿಲ್ಡರ್, ಲಾಗರ್‌ಗೆ ಮಾತ್ರ ಲೊಂಬೊಕ್. ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್.

ಬೇಡ ಅನ್ನಿಸಿದ್ರೆ ಡಿಲೊಂಬೊಕ್ ಅಂತ ಅವರೇ ಕೊಟ್ಟಿರೋ ಟೂಲ್ ಇದೆ, ಆನೊಟೇಷನ್ ತೆಗೆದು ಪೂರ್ತಿ ಕೋಡ್ ಬರ್ಕೊಡತ್ತೆ. ನಮ್ಮ ವಿಳಾಸದ ಕ್ಲಾಸಿನ ಮೇಲೆ ಓಡಿಸಿ ನೋಡ್ದೆ, ಹ್ಯಾಶ್‌ಕೋಡ್ ಒಳಗೆ 59ರಿಂದ ಗುಣಿಸೋದು, ನಲ್ ಇದ್ರೆ 43 ಕೂಡ್ಸೋದು ಅಂತ ಉದ್ದಕ್ಕೆ ಹೋಗ್ತಾನೇ ಇತ್ತು. ಪಿನ್‌ಕೋಡ್ ಮಾತ್ರ ಮರ್ತಿರ್ಲಿಲ್ಲ.