ಕೆಂಪುಕಲ್ಲಿನ ಮನೆಗೆ 3 ಕಿಲೋವಾಟ್ ಸೋಲಾರ್: ಕಾಸರಗೋಡಿನ ಮಳೆಗಾಲಗಳನ್ನು ಕಂಡ ಮೇಲೆ

ನಮ್ಮ ಬದಿಯಡ್ಕ ಕಡೆ ಸೋಲಾರ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಇಷ್ಟು ಮಳೆ ಬರುವ ಊರಲ್ಲಿ ಇದು ಪ್ರಯೋಜನಕ್ಕೆ ಬರುತ್ತದಾ? ಬರುತ್ತದೆ. ಮಳೆಗಿಂತ ಹೆಚ್ಚು ತೊಂದರೆ ಕೊಡುವುದು ತೆಂಗಿನ ಮರದ ನೆರಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಆನ್‌ಗ್ರಿಡ್ ಸೋಲಾರ್, ಅಂದರೆ ಲೈನಿನ ಕರೆಂಟಿಗೇ ಜೋಡಿಸಿದ್ದು. 540 ವಾಟ್‌ನ ಆರು ಪ್ಯಾನೆಲ್, ಒಂದು ಇನ್ವರ್ಟರ್, ಬ್ಯಾಟರಿ ಇಲ್ಲ. 2024ರಲ್ಲಿ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ಹಾಕಿಸಿದ್ದು. ಮೊದಲ ಎರಡು ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿದರೂ ಸಬ್ಸಿಡಿ ಅಷ್ಟೇ. ಪ್ಯಾನೆಲ್ ಮತ್ತು ಅದರೊಳಗಿನ ಸೆಲ್ ಎರಡೂ ಭಾರತದಲ್ಲೇ ತಯಾರಾಗಿರಬೇಕು ಎಂಬ ನಿಯಮ ಸಬ್ಸಿಡಿಗೆ ಉಂಟು. ಹಾಗಾಗಿ ಅಗ್ಗದ ಕೊಟೇಶನ್ ಬಂದರೆ ಪ್ಯಾನೆಲ್ ಯಾವುದು ಎಂದು ಬರವಣಿಗೆಯಲ್ಲೇ ಕೇಳಿ.

ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಒಳ್ಳೆ ಬಿಸಿಲಿನ ದಿನ 12ರಿಂದ 14 ಯೂನಿಟ್ ಬರುತ್ತದೆ. ಏಪ್ರಿಲ್‌ನಲ್ಲಿ ಉರಿಬಿಸಿಲು ಇದ್ದರೂ ಜಾಸ್ತಿ ಬರುವುದಿಲ್ಲ, ಏಕೆಂದರೆ ಪ್ಯಾನೆಲ್ ಕಾದಷ್ಟೂ ಅದರ ಶಕ್ತಿ ಇಳಿಯುತ್ತದೆ. ಅದಕ್ಕೇ ಪ್ಯಾನೆಲ್ಲನ್ನು ತಾರಸಿಗೆ ಅಂಟಿಸಿದ ಹಾಗೆ ಹಾಕಬಾರದು, ಕೆಳಗೆ ಗಾಳಿ ಆಡಬೇಕು. ಜೂನ್, ಜುಲೈಯಲ್ಲಿ ಮೋಡ ಕವಿದು ಜಡಿಮಳೆ ಹಿಡಿದರೆ ಎರಡೋ ಮೂರೋ ಯೂನಿಟ್, ಅಷ್ಟೇ. ಆದರೆ ಆಗ ಫ್ಯಾನ್, ಫ್ರಿಜ್‌ಗೆ ತಗಲುವುದೂ ಕಡಿಮೆ, ತೋಟದ ಪಂಪ್ ಅಂತೂ ನಿಂತೇ ಇರುತ್ತದೆ. ವರ್ಷದ ಲೆಕ್ಕ ನೋಡಿದರೆ ನಮಗೆ ತೃಪ್ತಿ ಇದೆ.

ಈಗ ನೆರಳಿನ ಮಾತು. ಪ್ಯಾನೆಲ್‌ಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿರುತ್ತಾರೆ, ಇದಕ್ಕೆ ಸ್ಟ್ರಿಂಗ್ ಅನ್ನುತ್ತಾರೆ. ಒಂದೇ ಕರೆಂಟು ಎಲ್ಲದರ ಮೂಲಕವೂ ಹರಿಯಬೇಕು. ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೆ ನಷ್ಟ ಆ ಒಂದಕ್ಕೆ ಮಾತ್ರ ನಿಲ್ಲುವುದಿಲ್ಲ, ಸಾಲಿಗೇ ಪೆಟ್ಟು. ನಮ್ಮ ಕಡೆ ಮನೆ ಸುತ್ತ ತೆಂಗು, ಅಡಿಕೆ ಇಲ್ಲದ ಜಾಗ ಎಲ್ಲಿದೆ? ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರ ವರೆಗೆ ನೆರಳು ಎಲ್ಲೆಲ್ಲಿ ಸರಿಯುತ್ತದೆ ಎಂದು ಡಿಸೆಂಬರಿನಲ್ಲಿ ನಿಂತು ನೋಡಬೇಕು. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ. ಮೇ ತಿಂಗಳಲ್ಲಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ನಮ್ಮಲ್ಲಿ ದಕ್ಷಿಣದ ಎರಡು ಮುದಿ ತೆಂಗು ಕಡಿದೆವು. ಬೇಜಾರಾಯಿತು, ಆದರೆ ಬೇರೆ ದಾರಿ ಇರಲಿಲ್ಲ. ತೆಂಗಿನಕಾಯಿ ಪ್ಯಾನೆಲ್ ಮೇಲೆ ಬೀಳುವ ಭಯವೂ ಅದರ ಜೊತೆಗೇ ಹೋಯಿತು.

ಇನ್ನೊಂದು ವಿಷಯ ಮಾರುವವರು ಗಟ್ಟಿಯಾಗಿ ಹೇಳುವುದೇ ಇಲ್ಲ. ಪಕ್ಕದ ಮನೆಯವರು ಒಂದು ದಿನ ಬಂದು, "ಭಾವ, ಇನ್ನು ಕರೆಂಟ್ ಹೋದರೂ ನಿಮಗೆ ಚಿಂತೆ ಇಲ್ಲ ಅಲ್ವಾ?" ಎಂದರು. ಚಿಂತೆ ಇದೆ! ಲೈನಿನಲ್ಲಿ ಕರೆಂಟ್ ಹೋದ ಕ್ಷಣ ಆನ್‌ಗ್ರಿಡ್ ಇನ್ವರ್ಟರ್ ತಾನಾಗಿ ಬಂದ್ ಆಗುತ್ತದೆ, ನಡು ಮಧ್ಯಾಹ್ನವಾದರೂ ಸರಿ. ಇದು ದೋಷ ಅಲ್ಲ. ಕಂಬ ಹತ್ತಿ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ನಮ್ಮ ಮನೆಯಿಂದ ಹೋದ ಕರೆಂಟ್ ಹೊಡೆಯಬಾರದು, ಅದಕ್ಕೆ ಈ ವ್ಯವಸ್ಥೆ. ಗಾಳಿಮಳೆಗೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಇಲ್ಲದ ದಿನಗಳು ನಮ್ಮಲ್ಲಿ ಬೇಕಾದಷ್ಟು. ಹಾಗಾಗಿ ಹಳೆಯ ಬ್ಯಾಟರಿ ಇನ್ವರ್ಟರ್ ಅನ್ನು ನಾವು ಕೊಡಲಿಲ್ಲ. ಲೈಟು, ಫ್ಯಾನು ಅದರಲ್ಲೇ ನಡೆಯುತ್ತವೆ.

ಸಿಡಿಲಿನ ಬಗ್ಗೆ ದಯವಿಟ್ಟು ಉದಾಸೀನ ಮಾಡಬೇಡಿ. ಇಲ್ಲಿ ಸಿಡಿಲು ಜಾಸ್ತಿ ಬರುವುದು ಏಪ್ರಿಲ್, ಮೇ ತಿಂಗಳ ಸಂಜೆ, ಆಮೇಲೆ ಅಕ್ಟೋಬರ್, ನವೆಂಬರಿನ ತುಲಾಮಳೆಯ ಹೊತ್ತಿಗೆ. ಏಪ್ರಿಲ್ ಅಂದರೆ ಕೆಂಪುಕಲ್ಲಿನ ಗುಡ್ಡ ಪೂರ್ತಿ ಒಣಗಿರುವ ಕಾಲ. ಒಣ ನೆಲದಲ್ಲಿ ಅರ್ತಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಪ್ಯಾನೆಲ್ ಕಡೆಗೆ ಒಂದು, ಮನೆಯ ಕರೆಂಟಿನ ಕಡೆಗೆ ಒಂದು, ಸಿಡಿಲುಕಂಬಿಗೆ ಪ್ರತ್ಯೇಕ ಒಂದು, ಹೀಗೆ ಮೂರು ಅರ್ತ್ ಗುಂಡಿ ಮಾಡಿಸಿದೆವು. ಬಟ್ಟೆ ಒಗೆದ ನೀರು ಹೋಗುವ ಬಾಳೆಬುಡದ ಹತ್ತಿರ ತೋಡಿಸಿದ್ದರಿಂದ ಬೇಸಿಗೆಯಲ್ಲೂ ತೇವ ಇರುತ್ತದೆ. ಅಳವಡಿಸಲು ಬಂದವರು ಸುಮ್ನೆ ಒಂದೇ ಗುಂಡಿಗೆ ಎಲ್ಲ ಸೇರಿಸಲು ಹೊರಟಿದ್ದರು. ಗಟ್ಟಿಯಾಗಿ ನಿಂತು ಬೇರೆ ಬೇರೆ ಮಾಡಿಸಬೇಕಾಯಿತು. ಕೆಲಸ ಮುಗಿದ ಮೇಲೆ ಅವರು ಫೋನ್ ಎತ್ತುವುದೂ ಕಡಿಮೆ, ಆ ವಿಚಾರದಲ್ಲಿ ನನಗೆ ಸಮಾಧಾನ ಇಲ್ಲ.

ತೊಳೆಯುವುದು ದೊಡ್ಡ ಕೆಲಸ ಅಲ್ಲ. ಬಿಸಿಲೇರುವ ಮೊದಲು ಬರಿ ನೀರು, ಮೆತ್ತನೆ ಬಟ್ಟೆ ಸಾಕು. ನಮ್ಮದು ಸುರಂಗದ ನೀರು, ಅಂದರೆ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಬಾವಿಯದ್ದು, ಒಣಗಿದ ಮೇಲೆ ಬಿಳಿ ಕಲೆ ಉಳಿಯುವುದಿಲ್ಲ. ಮಳೆಗಾಲ ಮುಗಿದಾಗ ಮಾತ್ರ ಕೆಳಗಿನ ಅಂಚಿನಲ್ಲಿ ಕೆಸರು, ಪಾಚಿಯ ಗೆರೆ ಕೂತಿರುತ್ತದೆ, ಅದನ್ನು ತೆಗೆಯಲೇಬೇಕು.

ನಿಜ ಹೇಳಬೇಕೆಂದರೆ, 3 ಕಿಲೋವಾಟ್ ನಮಗೆ ಸಾಕಾದದ್ದು ಮನೆ ಕಟ್ಟಿದ ರೀತಿಯಿಂದ. ನಾವೇ ನಿಂತು ಕಟ್ಟಿಸಿದ ಮನೆ ಇದು. ಹೊರಗೋಡೆಗೆ ಗಾರೆ ಇಲ್ಲ, ಕೆಂಪುಕಲ್ಲಿನ ಸಂದು ಮಾತ್ರ ತುಂಬಿಸಿದ್ದು. ತಾರಸಿಗೆ ಫಿಲ್ಲರ್ ಸ್ಲ್ಯಾಬ್ ಹಾಕಿಸಿದೆವು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ತಂದ ವಿಧಾನ ಅದು. ಸ್ಲ್ಯಾಬಿನ ಕೆಳಭಾಗದಲ್ಲಿ ಕಬ್ಬಿಣವೇ ಭಾರ ಎಳೆದು ಹಿಡಿಯುತ್ತದೆ, ಅಲ್ಲಿ ಕಾಂಕ್ರೀಟಿನ ಕೆಲಸ ಕಡಿಮೆ. ಆ ಜಾಗದಲ್ಲಿ ಸರಳುಗಳ ನಡುವೆ ಮಂಗಳೂರು ಹಂಚು ಜೋಡಿಸುತ್ತಾರೆ. ಸಿಮೆಂಟ್ ಉಳಿಯುತ್ತದೆ, ಜೋಡಿ ಹಂಚಿನ ನಡುವಿನ ಗಾಳಿ ಸೆಕೆಯನ್ನೂ ತಡೆಯುತ್ತದೆ. ಇದನ್ನು ಗೊತ್ತಿರುವ ಎಂಜಿನಿಯರ್ ನಕ್ಷೆಯಿಲ್ಲದೆ ಮಾಡಿಸಬೇಡಿ. ಆ ತಾರಸಿಯ ಮೇಲೆ ಪ್ಯಾನೆಲ್‌ಗಳ ನೆರಳೂ ಬಿದ್ದದ್ದರಿಂದ ಮಲಗುವ ಕೋಣೆಗೆ ಎ.ಸಿ. ಬೇಕು ಅಂತ ಮನೆಯಲ್ಲಿ ಯಾರೂ ಕೇಳಿಲ್ಲ. ಸ್ನಾನದ ನೀರಿಗೆ ಬಚ್ಚಲ ಒಲೆ ಉಂಟು, ಅಡಿಕೆ ಸಿಪ್ಪೆ, ತೆಂಗಿನ ಗರಿ ಉರಿಯುತ್ತದೆ. ಸುರಂಗ ಮನೆಗಿಂತ ಎತ್ತರದಲ್ಲಿರುವುದರಿಂದ ಕುಡಿಯುವ ನೀರು ಪಂಪ್ ಇಲ್ಲದೆ ಟ್ಯಾಂಕಿಗೆ ಇಳಿಯುತ್ತದೆ.

ಫ್ಯಾನುಗಳೆಲ್ಲ ಬಿಎಲ್‌ಡಿಸಿ. ಸಾಮಾನ್ಯ ಫ್ಯಾನ್ 70-80 ವಾಟ್ ತಿನ್ನುವ ಕಡೆ ಇವಕ್ಕೆ 30 ವಾಟಿನ ಆಸುಪಾಸು ಸಾಕು. ಕರೆಂಟ್ ಹೋದಾಗ ಬ್ಯಾಟರಿ ಎರಡು ಪಟ್ಟು ಹೊತ್ತು ಬರುತ್ತದೆ. ಸಂಜೆ ವೋಲ್ಟೇಜ್ ಇಳಿದರೂ ಗಾಳಿ ಕಮ್ಮಿಯಾಗುವುದಿಲ್ಲ. ಕೆಟ್ಟದ್ದೂ ಹೇಳಬೇಕು. ಹಳೆ ಫ್ಯಾನಿಗೆ ಕೆಪಾಸಿಟರ್ ಬದಲಿಸಿದರೆ ಮುಗಿಯಿತು, ಇದರಲ್ಲಿ ಬೋರ್ಡೇ ಸುಡುತ್ತದೆ. ಸಿಡಿಲಿಗೆ ನಮ್ಮದೊಂದು ಹೋಯಿತು.

ಬಿಲ್ಲಿನ ಲೆಕ್ಕ ತಿಳಿಯದೆ ಸೋಲಾರ್‌ಗೆ ಹಣ ಹಾಕಬೇಡಿ. ಕೇರಳದಲ್ಲಿ ಮನೆ ಬಳಕೆ ತಿಂಗಳಿಗೆ 250 ಯೂನಿಟ್, ಅಂದರೆ ಎರಡು ತಿಂಗಳ ಬಿಲ್ಲಿನಲ್ಲಿ 500 ದಾಟಿದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದರ ಮತ್ತೆ ಸಿಗುವುದಿಲ್ಲ. ಮೊದಲ ಯೂನಿಟ್ಟಿನಿಂದಲೇ ಹೆಚ್ಚಿನ ದರ. ಆ ಗೆರೆಯ ಆಚೆ ಇರುವವರಿಗೆ ಸೋಲಾರ್ ಬೇಗ ಹಣ ವಾಪಸ್ ಕೊಡುತ್ತದೆ. ಬಿಲ್ಲು ಸೊನ್ನೆಯಾಗುತ್ತದೆ ಎಂದು ನಂಬಬೇಡಿ, ಫಿಕ್ಸೆಡ್ ಚಾರ್ಜ್ ಇದ್ದೇ ಇರುತ್ತದೆ. ನಾವು ಲೈನಿಗೆ ಕೊಟ್ಟ ಕರೆಂಟನ್ನು ಬಿಲ್ಲಿನಲ್ಲಿ ಕಳೆಯುವ ನೆಟ್ ಮೀಟರ್ ನಿಯಮ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮೊದಲು ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿನಲ್ಲಿ ಕೇಳಿಕೊಳ್ಳಿ. ತಿಂಗಳಿಗೆ 100 ಯೂನಿಟ್ಟಿನ ಒಳಗೇ ಮುಗಿಯುವ ಮನೆಯಾದರೆ ನನ್ನ ಸಲಹೆ ಬೇರೆ. ಎರಡು ಲಕ್ಷದ ಹತ್ತಿರದ ಖರ್ಚು ಬೇಡ, ಮೊದಲು ಫ್ಯಾನ್ ಬದಲಿಸಿ, ಹಳೆ ಫ್ರಿಜ್ ನೋಡಿ.

ಮನೆ ಈಗಷ್ಟೇ ಕಟ್ಟುತ್ತಿದ್ದರೆ, ಸೋಲಾರ್ ಐದು ವರ್ಷದ ನಂತರ ಹಾಕುವುದಾದರೂ, ಸ್ಲ್ಯಾಬ್ ಹಾಕುವ ಮೊದಲೇ ತಾರಸಿಯಿಂದ ಮೀಟರ್ ಬೋರ್ಡಿನ ವರೆಗೆ ದಪ್ಪದ ಒಂದು ಪೈಪ್ ಬಿಟ್ಟುಬಿಡಿ.