ಒಣ ಮ್ಯಾನಿಕ್ಯೂರಿಗೆ ಯಾವ ಬಿಟ್ ಕೊಳ್ಳಬೇಕು? ಕೆಂಪು ಪಟ್ಟಿಯ 2.1 ಮಿ.ಮೀ. ಫ್ಲೇಮ್ ಬಿಟ್ ವಿಮರ್ಶೆ

ಉಗುರು ಉಜ್ಜುವ ಯಂತ್ರವಾದ ನೇಲ್ ಡ್ರಿಲ್ ಕೊಂಡಾಗ ಜೊತೆಗೊಂದು ಪುಟ್ಟ ಡಬ್ಬಿಯಲ್ಲಿ ಆರೇಳು ಬಿಟ್, ಅಂದರೆ ಅದಕ್ಕೆ ಸಿಕ್ಕಿಸುವ ತಿರುಗುವ ತುದಿಗಳನ್ನು ಕೊಡುತ್ತಾರೆ. ಜೆಲ್ ಪಾಲಿಶ್ ತೆಗೆಯಲು, ಅಕ್ರಿಲಿಕ್ ಉಗುರು ತಿದ್ದಲು ಅವು ಹೇಗೋ ನಡೆದಾವು. ಕೈಯನ್ನು ನೀರಿನಲ್ಲಿ ನೆನೆಸದೆ ಮಾಡುವ ಒಣ ಮ್ಯಾನಿಕ್ಯೂರಿನಲ್ಲಿ, ಉಗುರಿನ ಬುಡದಲ್ಲಿ ಕ್ಯುಟಿಕಲ್ (ಉಗುರಿಗೆ ಅಂಟಿದ ಸತ್ತ ಪೊರೆ) ಬಿಡಿಸುವ ಕೆಲಸಕ್ಕೆ ಮಾತ್ರ ಅವನ್ನು ನಂಬಬೇಡಿ. ಒಂದೇ ಬಿಟ್ ಕೊಳ್ಳುವಷ್ಟು ಹಣವಿದ್ದರೆ ಕೆಂಪು ಪಟ್ಟಿಯ, 2.1 ಮಿ.ಮೀ. ದಪ್ಪದ, 8 ಮಿ.ಮೀ. ಉದ್ದದ ಡೈಮಂಡ್ ಫ್ಲೇಮ್, ಅಂದರೆ ವಜ್ರದ ಹರಳು ಅಂಟಿಸಿದ ಜ್ವಾಲೆಯಾಕಾರದ ಬಿಟ್ ತೆಗೆದುಕೊಳ್ಳಿ. ಇನ್ನೊಂದಕ್ಕೂ ಹಣವಿದ್ದರೆ ಒಂದು ಸಣ್ಣ ಬಾಲ್ ಬಿಟ್. ಕ್ಯುಟಿಕಲ್ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಬೇಕಿಲ್ಲ.

ಉಕ್ರೇನಿನ ಸ್ಟಾಲೆಕ್ಸ್ ಕಂಪನಿಯ ಪ್ರೊ ಸಾಲಿನಲ್ಲಿ ಈ ಬಿಟ್ಟಿನ ಸಂಕೇತ ಎಫ್ಎ10ಆರ್021/8. ಇದರಲ್ಲಿ 10 ಅಂದರೆ ಫ್ಲೇಮ್ ಆಕಾರ, ಆರ್ ಅಂದರೆ ಕೆಂಪು ಪಟ್ಟಿ, 021 ಅಂದರೆ 2.1 ಮಿ.ಮೀ. ವ್ಯಾಸ, ಕೊನೆಯ 8 ಅಂದರೆ ವಜ್ರದ ಹರಳು ಅಂಟಿರುವ ಭಾಗದ ಉದ್ದ. ಬೇರೆ ಕಂಪನಿಗಳ ಬಿಟ್ಟಿನ ಮೇಲೆ ಹಲ್ಲಿನ ವೈದ್ಯರ ಉಪಕರಣಗಳಿಂದ ಬಂದ ಐಎಸ್‌ಒ ಸಂಖ್ಯೆ ಇರಬಹುದು. ಅದರಲ್ಲಿ 806 ವಜ್ರದ ಲೇಪನವನ್ನೂ, 104 ಯಂತ್ರದ ಹಿಡಿಯೊಳಗೆ ಹೋಗುವ 2.35 ಮಿ.ಮೀ. ದಂಡವನ್ನೂ, 514 ನಯವಾದ ಹರಳನ್ನೂ ಸೂಚಿಸುತ್ತದೆ. ಈ ಮೂರು ಸಂಖ್ಯೆಗಳ ಜೊತೆ ಕೊನೆಯಲ್ಲಿ 021 ಇದ್ದು ಆಕಾರ ಫ್ಲೇಮ್ ಆಗಿದ್ದರೆ ಯಾವ ಕಂಪನಿಯದಾದರೂ ದಪ್ಪ ಇದೇ. ಬಣ್ಣದ ಪಟ್ಟಿ ಹರಳಿನ ಒರಟುತನ ಹೇಳುತ್ತದೆ: ಹಳದಿ ತೀರಾ ನಯ, ಕೆಂಪು ನಯ, ನೀಲಿ ಮಧ್ಯಮ, ಹಸಿರು ಒರಟು, ಕಪ್ಪು ಅತಿ ಒರಟು. ಹಸಿರು, ಕಪ್ಪು ಪಟ್ಟಿಯವು ಚರ್ಮದ ಹತ್ತಿರ ಸುಳಿಯಲೇಬಾರದು. ನೀಲಿಯನ್ನು ದಪ್ಪ ಚರ್ಮದ ಕೈಗೆ ಬಳಸುವವರಿದ್ದಾರೆ, ಆದರೆ ಕಲಿಯುವವರಿಗೆ ಅದು ಬೇಡ. ತೆಳು ಉಗುರಿಗೆ, ಸೂಕ್ಷ್ಮ ಚರ್ಮಕ್ಕೆ ಹಳದಿ ಒಳ್ಳೆಯದು. ಕೆಲಸ ನಿಧಾನವಾಗುತ್ತದೆ, ಅಷ್ಟೇ.

ಕಾರ್ಬೈಡ್ ಬಿಟ್ ಏಕೆ ಬೇಡ? ಅದರ ಮೈಮೇಲೆ ಇರುವುದು ಹರಿತವಾದ ಅಲಗುಗಳು. ಅವು ಗಟ್ಟಿ ಜೆಲ್ಲನ್ನು ಹೆರೆಯುವ ಹಾಗೆಯೇ ಮೆತ್ತಗಿನ ಚರ್ಮವನ್ನೂ ಹೆರೆಯುತ್ತವೆ. ವಜ್ರದ ಹರಳು ಸಾಣೆ ಹಿಡಿದಂತೆ ಉಜ್ಜುತ್ತದೆ. ಒಣಗಿ ಗಟ್ಟಿಯಾದ ಸತ್ತ ಪೊರೆ ಪುಡಿಯಾಗುತ್ತದೆ, ಅದರ ಪಕ್ಕದ ಜೀವಂತ ಚರ್ಮ ಮೆತ್ತಗಿರುವುದರಿಂದ ಬಿಟ್ ಮೃದುವಾಗಿ ತಾಗಿದಾಗ ಹಿಂದೆ ಸರಿದುಕೊಳ್ಳುತ್ತದೆ. ಒಣ ಮ್ಯಾನಿಕ್ಯೂರಿನಲ್ಲಿ ಕೈಯನ್ನು ನೀರಿನಲ್ಲಿ ನೆನೆಸದೇ ಇರುವುದೂ ಇದಕ್ಕೇ. ನೆನೆದರೆ ಸತ್ತದ್ದು, ಬದುಕಿದ್ದು ಎರಡೂ ಒಂದೇ ಹದಕ್ಕೆ ಮೆತ್ತಗಾಗಿ ಬಿಟ್ಟಿಗೆ ಸುತ್ತಿಕೊಳ್ಳುತ್ತವೆ. ಮೇಲಾಗಿ ನೀರು ಕುಡಿದ ಉಗುರು ಉಬ್ಬಿ, ಆಮೇಲೆ ಒಣಗಿ ಕುಗ್ಗುತ್ತದೆ. ಆ ಹೊತ್ತಿಗೆ ಮೇಲೆ ಕೂತಿರುವ ಜೆಲ್ ಪಾಲಿಶ್ ಅಂಚಿನಲ್ಲಿ ಏಳಲು ಶುರುವಾಗುತ್ತದೆ.

ಯಾವುದು ಸತ್ತದ್ದು, ಯಾವುದು ಬದುಕಿದ್ದು ಎಂಬುದನ್ನು ಕಣ್ಣಿನಲ್ಲಿ ಗುರುತಿಸಲು ಬರದೆ ಯಂತ್ರ ಹಿಡಿಯಬಾರದು. ಉಗುರಿನ ಬುಡದಲ್ಲಿ ಚರ್ಮ ಮಡಿಚಿಕೊಂಡು ನಿಂತಿರುತ್ತದಲ್ಲ, ಆ ಮಡಿಕೆ ಜೀವಂತ. ಅದರ ಅಡಿಯಿಂದ ಹೊರಬಂದು ಉಗುರಿಗೆ ಅಂಟಿಕೊಂಡು ಬೆಳೆಯುವ, ಹಾವಿನ ಪೊರೆಯಂಥ ಬಿಳಿಚು ತೆಳುಹಾಳೆಯೇ ನಿಜವಾದ ಕ್ಯುಟಿಕಲ್. ಅದು ಸತ್ತದ್ದು, ತೆಗೆಯಬೇಕಾದದ್ದು ಅದನ್ನು ಮಾತ್ರ. ಮಡಿಕೆಯ ಕೆಳಗೆ, ಇನ್ನೂ ಒಳಗೆ, ಉಗುರು ಹುಟ್ಟುವ ಜಾಗವಿದೆ. ಅಲ್ಲಿಗೆ ಪೆಟ್ಟಾದರೆ ಅವತ್ತು ಏನೂ ಕಾಣುವುದಿಲ್ಲ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುವುದರಿಂದ ವಾರಗಳು ಕಳೆದ ಮೇಲೆ ಅಡ್ಡಗೆರೆಯೋ ಗುಳಿಯೋ ಆಗಿ ಮೇಲೆ ಬರುತ್ತದೆ. ಆಗ ಯಾರ ಕೈಯಲ್ಲಿ ಆದದ್ದು ಎಂದೂ ಯಾರಿಗೂ ನೆನಪಿರುವುದಿಲ್ಲ. 2.1 ಮಿ.ಮೀ. ಫ್ಲೇಮ್ ಇಲ್ಲಿ ಗೆಲ್ಲುತ್ತದೆ. ಅದರ ತುದಿ ಮಡಿಕೆಯ ಅಂಚಿನ ಕೆಳಗೆ ಒಂದು ಮಿಲಿಮೀಟರಿಗಿಂತ ಕಡಿಮೆ ನುಸುಳಿದರೂ ಕೆಲಸ ಆಗುತ್ತದೆ. ದಪ್ಪ ಕೋನ್ ಬಿಟ್ ಅಷ್ಟೇ ಕೆಲಸಕ್ಕೆ ಮಡಿಕೆಯನ್ನು ಅಗಲಿಸಿ ಎಳೆಯುತ್ತದೆ. 2.1ಕ್ಕಿಂತ ಸಪೂರದವು ಇನ್ನೂ ಸುಲಭವಾಗಿ ಒಳಗೆ ಹೋಗುತ್ತವೆ, ಅಪಾಯವೂ ಅದೇ.

ಬಿಟ್ ಕೈಗೆ ಬಂದ ಕೂಡಲೇ ಯಾರ ಬೆರಳಿಗೂ ಹಚ್ಚಬೇಡಿ. ದಂಡವನ್ನು ಗಾಜಿನ ಮೇಲೆ ಉರುಳಿಸಿ, ಕುಣಿಯದೆ ಸರಾಗವಾಗಿ ಉರುಳಬೇಕು. ಹಿಡಿಗೆ ಹಾಕಿ 10,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗಿಸಿ, ಕಪ್ಪು ಬಟ್ಟೆಯ ಮುಂದೆ ಹಿಡಿದು ನೋಡಿ. ತುದಿ ಒಂದೇ ಚುಕ್ಕೆಯಾಗಿ ಕಂಡರೆ ಸರಿ. ಎರಡಾಗಿ, ಮಂಜಾಗಿ ಕಂಡರೆ ಬಿಟ್ ಓಲಾಡುತ್ತಿದೆ. ಇನ್ನೊಂದು ಬಿಟ್ ಹಾಕಿದಾಗಲೂ ಹಾಗೇ ಕಂಡರೆ ದೋಷ ಬಿಟ್ಟಿನದಲ್ಲ, ಯಂತ್ರದ ಹಿಡಿಯದ್ದು: ಒಳಗೆ ದೂಳು ಕಟ್ಟಿದೆ, ಇಲ್ಲವೇ ಹಿಡಿ ಯಾವಾಗಲೋ ಕೆಳಗೆ ಬಿದ್ದು ಅಕ್ಷ ವಾಲಿದೆ. ಓಲಾಡುವ ಬಿಟ್ ನಿಮಿಷಕ್ಕೆ ಸಾವಿರಾರು ಸಲ ಉಗುರನ್ನು ಕುಟ್ಟುತ್ತದೆ. ಎಷ್ಟು ಹಗುರ ಕೈಯಾದರೂ ಅದನ್ನು ಸರಿಮಾಡಲಾಗದು. 30 ಬಿಟ್ಟಿನ ಅಗ್ಗದ ಡಬ್ಬಿಗಳ ಮೇಲಿನ ನಮ್ಮ ಮುಖ್ಯ ತಕರಾರು ಇದೇ. ದಂಡ ನೇರವಿದ್ದರೆ ಹರಳು ಸಮ ಇರುವುದಿಲ್ಲ, ಹರಳು ಸಮವಿದ್ದರೆ ತುದಿ ಸೂಜಿಯಂತೆ ಚೂಪಾಗಿರುತ್ತದೆ. ಒಳ್ಳೆಯ ಫ್ಲೇಮಿನ ತುದಿ ಕೊಂಚ ದುಂಡಗಿರುತ್ತದೆ, ಯಂತ್ರ ನಿಲ್ಲಿಸಿ ಬೆರಳಿಗೆ ಒತ್ತಿದರೆ ಚುಚ್ಚುವುದಿಲ್ಲ.

ಇನ್ನು ವೇಗ. ನಿಧಾನವಾದಷ್ಟೂ ಸುರಕ್ಷಿತ ಎಂದು ಬಹಳ ಮಂದಿ ನಂಬಿದ್ದಾರೆ. ತೀರಾ ನಿಧಾನವಾಗಿ, 2,000–3,000ದಲ್ಲಿ ತಿರುಗುವ ಬಿಟ್ ಉಜ್ಜುವುದಿಲ್ಲ, ಪೊರೆಯನ್ನು ಕಚ್ಚಿ ಎಳೆಯುತ್ತದೆ. ಕೆಲಸ ಸಾಗದೆ ಕೈ ತಾನಾಗಿ ಒತ್ತುತ್ತದೆ, ಗಾಯ ಆಗುವುದೇ ಆ ಒತ್ತಡದಿಂದ. ಕಲಿಯುವವರು ಫ್ಲೇಮನ್ನು 6,000ದಿಂದ 8,000ದೊಳಗೆ ಇಟ್ಟುಕೊಳ್ಳಲಿ. ಕೈ ಪಳಗಿದವರು 10,000–15,000ದಲ್ಲಿ ಕೆಲಸ ಮಾಡುತ್ತಾರೆ. ಯಂತ್ರ 30,000–35,000ದವರೆಗೆ ಹೋಗುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕಡಿಮೆ ವೇಗದಲ್ಲೂ ಕುಸಿಯದೆ ತಿರುಗುತ್ತದೆಯೇ ಎಂಬುದು ಮುಖ್ಯ. ಯುಎಸ್‌ಬಿ ತಂತಿಯ ಪೆನ್ನಿನಂಥ ಅಗ್ಗದ ಡ್ರಿಲ್ಲುಗಳಲ್ಲಿ ಬಿಟ್ ಉಗುರಿಗೆ ತಾಗಿದೊಡನೆ ವೇಗ ಬೀಳುವುದು ಕಿವಿಗೇ ಕೇಳಿಸುತ್ತದೆ. ಅಂಥ ಯಂತ್ರದಲ್ಲಿ ಎಷ್ಟು ಒಳ್ಳೆಯ ಬಿಟ್ ಹಾಕಿದರೂ ವ್ಯರ್ಥ.

ಕೆಲಸದ ಕ್ರಮ ಹೀಗಿರಲಿ. ಎಣ್ಣೆ, ಕ್ರೀಮ್, ಕ್ಯುಟಿಕಲ್ ರಿಮೂವರ್ ಯಾವುದನ್ನೂ ಹಚ್ಚಬೇಡಿ. ಇಬ್ಬರ ಕೈಗೂ ಸ್ಯಾನಿಟೈಸರ್ ಹಚ್ಚಿ, ಪೂರ್ತಿ ಆರಲು ಬಿಡಿ. ಎನ್95 ಮಾಸ್ಕ್, ಕನ್ನಡಕ ಹಾಕಿಕೊಂಡು ದೂಳು ಎಳೆಯುವ ಫ್ಯಾನ್ ಚಾಲೂ ಮಾಡಿ. ಪುಷರಿನಿಂದ ಮಡಿಕೆಯನ್ನು ಹಗುರಾಗಿ ಹಿಂದೆ ಸರಿಸಿದರೆ ಅಂಟಿದ ಪೊರೆ ಎದ್ದು ಕಾಣುತ್ತದೆ. ಪುಷರಿನಲ್ಲೇ ಕೆರೆದು ತೆಗೆಯಲು ಹೋಗಬೇಡಿ, ಬಿಟ್ ಇರುವುದೇ ಅದಕ್ಕೆ. ಗಿರಾಕಿಯ ಬೆರಳನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮಡಿಕೆಯ ಚರ್ಮವನ್ನು ಹಿಂದಕ್ಕೆ ಎಳೆದು ಬಿಗಿ ಮಾಡಿ. ಸಡಿಲ ಚರ್ಮ ಬಿಟ್ಟಿನ ಜೊತೆ ಒಳಗೆ ಮಡಚಿಕೊಳ್ಳುತ್ತದೆ. ಬಲಗೈಯಲ್ಲಿ ಹಿಡಿಯನ್ನು ಪೆನ್ಸಿಲಿನಂತೆ ಹಿಡಿದು, ಕಿರುಬೆರಳನ್ನು ಎಡಗೈ ಮೇಲೆ ಊರಿ. ಈ ಊರುಗೋಲು ತಪ್ಪಿದರೆ ಗಿರಾಕಿ ಕೆಮ್ಮಿದರೂ ಸಾಕು, ಬಿಟ್ ಜಾರುತ್ತದೆ.

ಬಿಟ್ ತಿರುಗಲು ಶುರುವಾದ ಮೇಲೆ ಉಗುರಿಗೆ ತಾಗಿಸಿ, ಎತ್ತಿದ ಮೇಲೆ ನಿಲ್ಲಿಸಿ. ಫ್ಲೇಮನ್ನು ಉಗುರಿನ ಮೇಲೆ ಮಲಗಿಸಿದಂತೆ ಹಿಡಿಯಿರಿ. ತುದಿ ದಾರಿ ತೋರಿಸುತ್ತದೆ, ಉಜ್ಜುವುದು ಹೊಟ್ಟೆ. ಹಿಡಿಯ ಹಿಂಭಾಗ ಮೇಲೆದ್ದು ತುದಿ ಉಗುರಿಗೆ ಚುಚ್ಚಿದರೆ ಬುಡದಲ್ಲಿ ಬಾಗಿದ ಕೆಂಪು ಗೀರುಗಳು ಬೀಳುತ್ತವೆ, ನೇಲ್ ಟೆಕ್ನಿಷಿಯನ್ನರು ರಿಂಗ್ಸ್ ಆಫ್ ಫೈರ್ ಎನ್ನುವುದು ಇದನ್ನೇ. ಕೈಬೆರಳ ಉಗುರಿನ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು, ಅದರಲ್ಲಿ ಇಂಥ ಒಂದು ಗೀರು ತಿನ್ನುವ ಪಾಲು ಸಣ್ಣದಲ್ಲ. ಜೆಲ್ ಹಚ್ಚಿ, ಅದನ್ನು ಗಟ್ಟಿಯಾಗಿಸುವ ಲ್ಯಾಂಪಿನಡಿ ಇಟ್ಟಾಗ ಗಿರಾಕಿ ಕೈ ಎಳೆದುಕೊಂಡರೆ ಆ ಜಾಗ ತೆಳುವಾಗಿದೆ ಎಂದು ಅನುಮಾನಿಸಿ.

ಬಿಟ್ ಫಾರ್ವರ್ಡ್, ರಿವರ್ಸ್ ಎಂದು ಎರಡೂ ಕಡೆಗೆ ತಿರುಗುವುದರಿಂದ ಕೈ ನಡೆಸುವ ದಿಕ್ಕಿನ ವಿಷಯದಲ್ಲಿ ಗೊಂದಲ ಹೆಚ್ಚು. ಗಿರಾಕಿಯ ಬೆರಳ ತುದಿ ನಿಮ್ಮ ಕಡೆಗೂ, ಬಿಟ್ಟಿನ ತುದಿ ನಿಮ್ಮಿಂದ ಆಚೆಗೂ ಇರುವಾಗ ಫಾರ್ವರ್ಡಿನಲ್ಲಿ ಬಲದಿಂದ ಎಡಕ್ಕೆ, ರಿವರ್ಸಿನಲ್ಲಿ ಎಡದಿಂದ ಬಲಕ್ಕೆ ಹೋಗಬೇಕು. ತಿರುಗುವ ಬಿಟ್ ಒಂದು ಚಿಕ್ಕ ಗಾಲಿ. ಫಾರ್ವರ್ಡಿನಲ್ಲಿ ಅದು ಬಲಕ್ಕೆ ಉರುಳಿ ಓಡಲು ನೋಡುತ್ತದೆ, ನೀವು ಅದಕ್ಕೆ ಎದುರಾಗಿ ಎಡಕ್ಕೆ ನಡೆಸಿದರೆ ಹತೋಟಿ ನಿಮ್ಮ ಕೈಯಲ್ಲಿ. ಅದು ಓಡುವ ಕಡೆಗೇ ನೀವೂ ಹೋದರೆ ಜಾರಿ ಪಕ್ಕದ ಚರ್ಮದೊಳಗೆ ನುಗ್ಗುತ್ತದೆ. ಎಲ್ಲ ಯಂತ್ರಗಳ ಗುರುತೂ ಒಂದೇ ರೀತಿ ಇರಬೇಕೆಂದಿಲ್ಲ. ಪ್ಲಾಸ್ಟಿಕ್ ಟಿಪ್ (ನಕಲಿ ಉಗುರು) ಮೇಲೆ ಒಮ್ಮೆ ತಾಗಿಸಿ, ಯಾವ ಕಡೆ ಓಡುತ್ತದೆ ನೋಡಿಕೊಂಡು, ಅದರ ಎದುರು ದಿಕ್ಕನ್ನು ಹಿಡಿಯಿರಿ.

ಒತ್ತಡ ಹಿಡಿಯ ಸ್ವಂತ ಭಾರದಷ್ಟೇ ಇರಲಿ. ಒಂದು ದಿಕ್ಕಿನಲ್ಲಿ ಎರಡು ಸಲ, ದಿಕ್ಕು ಬದಲಿಸಿ ಎರಡು ಸಲ, ಚಿಕ್ಕ ಚಿಕ್ಕ ಎಳೆತಗಳಲ್ಲಿ, ಎಲ್ಲೂ ನಿಲ್ಲದೆ. ನಿಂತಲ್ಲಿ ಬಿಸಿ ಏರುತ್ತದೆ. ಪಕ್ಕದ ಮೂಲೆಗಳಲ್ಲಿ ಹಿಡಿಯನ್ನು ತಿರುಚುವ ಬದಲು ಗಿರಾಕಿಯ ಬೆರಳನ್ನೇ ಹೊರಳಿಸಿ, ಬಿಟ್ ಉಗುರಿನ ಅಂಚಿಗೆ ಸಮಾನಾಂತರವಾಗಿ ಬರಲಿ. ನಡುವೆ ಬ್ರಶ್ಶಿನಿಂದ ದೂಳು ಕೊಡವಿ ನೋಡಿ. ಬಿಳಿ ಪೊರೆ ಹೋಗಿ ಉಗುರು ತನ್ನ ಸಹಜ ಬಣ್ಣದಲ್ಲಿ ಕಂಡರೆ ಅಲ್ಲಿಗೆ ಮುಗಿಯಿತು. ಇನ್ನೂ ಚೊಕ್ಕ ಮಾಡೋಣ ಎಂಬ ಐದನೆಯ ಎಳೆತವೇ ರಕ್ತ ತರಿಸುವುದು. ಚರ್ಮ ಗುಲಾಬಿಯಿಂದ ಕೆಂಪಿಗೆ ತಿರುಗಿದರೆ, ಮಿರಮಿರ ಹೊಳೆದರೆ, ಗಿರಾಕಿ ಉರಿ ಎಂದರೆ ಆ ಬೆರಳನ್ನು ಅಲ್ಲಿಗೇ ಬಿಡಿ. ಒಂದು ವೇಳೆ ರಕ್ತ ಬಂದರೆ ಒತ್ತಿ ಹಿಡಿದು ನಿಲ್ಲಿಸಿ, ಆಂಟಿಸೆಪ್ಟಿಕ್ ಹಚ್ಚಿ. ಆ ಬೆರಳಿಗೆ ಅವತ್ತು ಜೆಲ್ ಬೇಡ, ಗಾಯಕ್ಕೆ ತಾಗಿದ ಜೆಲ್ ಅಲರ್ಜಿಗೆ ದಾರಿ. ರಕ್ತ ತಾಗಿದ ಬಿಟ್ಟನ್ನು ತಕ್ಷಣ ಬೇರೆ ಇಡಿ.

ಫ್ಲೇಮ್ ಎತ್ತಿ ನಿಲ್ಲಿಸಿದ ಸತ್ತ ಅಂಚಿಗೆ ಬಾಲ್ ಬಿಟ್. ಕೆಂಪು ಅಥವಾ ಹಳದಿ ಪಟ್ಟಿಯ 2.5 ಮಿ.ಮೀ. ಬಾಲ್ ಸಾಕು, 5,000–6,000 ಆರ್‌ಪಿಎಂ. ಅಂಚಿನ ಮೇಲೆ ಉಗುರಿನಿಂದ ಹೊರಮುಖವಾಗಿ ಸವರಿದರೆ ಒಣ ಪೊರೆ ಪುಡಿಯಾಗಿ ಉದುರುತ್ತದೆ. ಬೆರಳಿನ ಪಕ್ಕದ ಒರಟು ಚರ್ಮಕ್ಕೆ 5 ಮಿ.ಮೀ. ಬಾಲ್ ಇದ್ದರೆ ಬೇಗ ಆಗುತ್ತದೆ. ಕತ್ತರಿಯಲ್ಲಿ ಒಂದೇ ಎಳೆಯಾಗಿ ಕತ್ತರಿಸುವ ಪದ್ಧತಿ ಫೋಟೋದಲ್ಲಿ ಚೆಂದ. ಆದರೆ ಕತ್ತರಿಗೆ ಸತ್ತದ್ದು ಬದುಕಿದ್ದರ ಭೇದ ತಿಳಿಯದು, ಕತ್ತರಿಸಿದ ಜೀವಂತ ಅಂಚು ಮತ್ತೆ ದಪ್ಪವಾಗಿ, ಒರಟಾಗಿ ಬೆಳೆಯುತ್ತದೆ. ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ ಕ್ಯುಟಿಕಲ್ ಕತ್ತರಿಸಲೇಬೇಡಿ ಎನ್ನುತ್ತದೆ, ಏಕೆಂದರೆ ಸೋಂಕು ಒಳಗಿಳಿಯದಂತೆ ಬುಡವನ್ನು ಮುಚ್ಚಿಟ್ಟಿರುವುದು ಅದೇ. ಆ ಎಚ್ಚರವನ್ನು ಹಗುರಾಗಿ ಕಾಣಬಾರದು. ಉಗುರುಸುತ್ತು ಆಗಿರುವ ಬೆರಳು, ಶಿಲೀಂಧ್ರ ಹಿಡಿದ ಉಗುರು, ಸೋರಿಯಾಸಿಸ್ ಇರುವ ಕೈ ಇವಕ್ಕೆ ಯಂತ್ರ ಮುಟ್ಟಿಸಬೇಡಿ. ಸಕ್ಕರೆ ಕಾಯಿಲೆಯವರನ್ನೂ, ರಕ್ತ ತೆಳುವಾಗುವ ಮಾತ್ರೆ ನುಂಗುವವರನ್ನೂ ಮೊದಲು ಕೇಳಿ ತಿಳಿದು, ಪುಷರ್ ಮತ್ತು ಎಣ್ಣೆಯಲ್ಲೇ ಮುಗಿಸಿ. ಉಳಿದವರಿಗೂ ಮೂರ್ನಾಲ್ಕು ವಾರದ ಅಂತರ ಬೇಕು.

ಶುಚಿಗೊಳಿಸುವ ಕೆಲಸದಲ್ಲಿ ಹಲವು ಪಾರ್ಲರುಗಳು ಎಡವುತ್ತವೆ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಹರಳುಗಳ ಸಂದಿಯಲ್ಲಿ ಚರ್ಮದ ಪುಡಿ ಕೂತ ಬಿಟ್ಟನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೆಗೆದರೆ ಏನೂ ಆದಂತಲ್ಲ. ಮೊದಲು ಸೋಪಿನ ನೀರಿನಲ್ಲಿ ಗಟ್ಟಿ ಬ್ರಶ್ಶಿನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ, ಬಣ್ಣ ಬದಲಿಸುವ ಗುರುತಿರುವ ಪೌಚಿನಲ್ಲಿ ಹಾಕಿ ಆಟೋಕ್ಲೇವ್ ಮಾಡಬೇಕು, ಅಂದರೆ ಒತ್ತಡದ ಹಬೆಯ ಯಂತ್ರದಲ್ಲಿ ರೋಗಾಣು ಕೊಲ್ಲಬೇಕು. ಸಾಮಾನ್ಯ ಆಟೋಕ್ಲೇವಿನಲ್ಲಿ ಪೌಚಿನೊಳಗಿನ ಬಿಟ್ಟಿಗೆ 121 ಡಿಗ್ರಿ ಸೆಲ್ಸಿಯಸ್, 30 ನಿಮಿಷ. ನೀಲಿ ಬೆಳಕಿನ ಯುವಿ ಡಬ್ಬಿ ಇದಕ್ಕೆ ಬದಲಿಯಲ್ಲ, ಬೆಳಕು ನೆರಳಿರುವಲ್ಲಿಗೆ ತಲುಪುವುದಿಲ್ಲ. ಬ್ಲೀಚ್ ಹಾಕಿದರೆ ಹರಳು ಹಿಡಿದಿಟ್ಟ ಲೋಹ ತಿಂದುಹೋಗುತ್ತದೆ. ಒದ್ದೆಯಾಗಿ ಪೌಚಿಗೆ ಹಾಕಿದರೆ ದಂಡಕ್ಕೆ ತುಕ್ಕು ಹಿಡಿದು, ಆ ತುಕ್ಕು ಹಿಡಿಯ ಒಳಗನ್ನೂ ಕೆಡಿಸುತ್ತದೆ.

ಈ ಬಿಟ್ಟಿನ ಕೊರತೆ ಹೇಳಬೇಕೆಂದರೆ ಬೆಲೆ. ಇಂಥದ್ದೊಂದರ ಹಣಕ್ಕೆ ಅಗ್ಗದ ಡಬ್ಬಿಯೇ ಬಂದುಬಿಡುತ್ತದೆ. ಮೇಲಾಗಿ ಹರಳು ಇರುವುದು ಒಂದೇ ಪದರ, ಸವೆದ ಮೇಲೆ ಮತ್ತೆ ಸಾಣೆ ಹಿಡಿಸಲಾಗದು. 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ಆಗಾಗ ನೋಡಿ. ಹೊಟ್ಟೆಯ ಭಾಗದಲ್ಲಿ ಬೋಳಾಗಿ ಹೊಳೆಯುವ ಕಲೆ ಕಂಡರೆ ಎಸೆಯಿರಿ, ಸವೆದ ಬಿಟ್ ಉಜ್ಜುವುದಿಲ್ಲ, ಬಿಸಿಯಾಗುತ್ತದೆ ಅಷ್ಟೇ. ದಿನಕ್ಕೆ ಐದು ಗಿರಾಕಿಗಳು ಬರುವ ಪಾರ್ಲರಿಗೆ ಆರು ಫ್ಲೇಮ್, ಆರು ಬಾಲ್ ಬೇಕು: ಒಬ್ಬರಿಗೆ ಒಂದು ಜೊತೆ, ಕೆಳಗೆ ಬಿದ್ದರೆ ಬದಲಿಗೆ ಒಂದು ಜೊತೆ, ಸಂಜೆ ಎಲ್ಲವೂ ಒಟ್ಟಿಗೆ ಆಟೋಕ್ಲೇವಿಗೆ.